ಹಸಿರು ಅಂಗಿ

ಬೈತಖೋಲ ರಸ್ತೆಯ ಮಹಡಿಯಲ್ಲಿ ನಮ್ಮ ಸ್ಟುಡಿಯೋ,
ಕೆಳಗೆ ಬಲೆ ಹೊಲಿಯುವ ದಾರದ ಅಂಗಡಿ.
ಮದುವೆ ಮಿಕ್ಸಿಂಗಿಗೆಂದು ತಂದ ಸಾಫ್ಟ್‌ವೇರ್,
ಮಡಗಾಂವ್ ಸ್ಟೇಷನ್ನಿನ ಹೊರಗೆ ನಲವತ್ತು ರೂಪಾಯಿಯ ಸಿ.ಡಿ.
ಹೃದಯ ಬಿರಿದು ವಧು, ಗುಲಾಬಿ ಮಗುಚಿ ವರ,
ಪುಟ ತಿರುವಿದಂತೆ ಅತ್ತೆ, ಮಾವ, ಊಟದ ಸಾಲು.
ಮೂಲೆಯಲ್ಲಿ ಯಾರೂ ಒತ್ತದ ಒಂದು ಗುಂಡಿ:
‘ಸ್ಫೋಟ ೧’.
ಎರಡನೆಯದು ಇರಲೇ ಇಲ್ಲ.

ಆ ಒಂದು ಸ್ಫೋಟಕ್ಕಾಗಿ ಕತೆ ಬರೆದೆವು.

ಬೋಟುಗಳನ್ನು ಕಟ್ಟಿಹಾಕಿದ್ದ ಎರಡು ತಿಂಗಳು.
ಥರ್ಮಾಕೋಲ್ ಪೆಟ್ಟಿಗೆ ಕೊಯ್ದು ಗಗನನೌಕೆ,
ಎಷ್ಟು ತೊಳೆದರೂ ಬಂಗಡೆಯ ವಾಸನೆ.
ಚಂದ್ರನೆಂದರೆ ಕುಸುಮಾ ತಾಂಡೇಲ ಹುಯ್ದ ಪೋಳೆ,
ತೂತುಗಳೇ ಕುಳಿ, ಸೀದ ಅಂಚು ಗ್ರಹಣ.
ಶಾಟ್ ಮುಗಿದದ್ದೇ
ಚಂದ್ರನನ್ನು ಚಟ್ನಿಯ ಜೊತೆ ಹಂಚಿಕೊಂಡೆವು.

ನಾಯಕ ದುಮ್ಮಿಂಗ, ಐಸ್ ಫ್ಯಾಕ್ಟರಿಯವ.
ಬೇಡವೆಂದರೂ ಹಬ್ಬದ ಅಂಗಿಯಲ್ಲೇ ಬಂದ,
ಹಚ್ಚ ಹಸಿರು.
ಹಿಂದಿನ ಪರದೆಯೂ ಹಸಿರು, ಆಸ್ಪತ್ರೆಯಿಂದ ಕಡ ತಂದದ್ದು.
ರಾತ್ರಿ ಕಂಪ್ಯೂಟರಿಗೆ ಹೇಳಿದೆ:
ಹಸಿರು ಅಳಿಸು, ಆಕಾಶ ಹಾಕು.
ಹೇಳಿದಷ್ಟನ್ನೇ ಮಾಡಿತು.
ತಲೆ, ಎರಡು ಕೈ, ಚೌಕಳಿ ಲುಂಗಿ,
ಎದೆಯಿರಬೇಕಾದಲ್ಲಿ
ನಕ್ಷತ್ರಗಳು.

ಮತ್ತೆ ಶೂಟ್ ಮಾಡಲು ಟೇಪಿಲ್ಲ.
ಕ್ಯಾಮೆರಾ ಅಂಕೋಲೆಯ ನಾಮಕರಣಕ್ಕೆ ಹೋಗಿತ್ತು.
ಅನ್ಯಗ್ರಹದ ರಾಣಿಗೆ ದನಿ ಕೊಡಲು ಕೂತ ಕುಸುಮಾ
ನಾವು ಬರೆಯದ ಮಾತೊಂದನ್ನು ತಾನೇ ಸೇರಿಸಿದಳು:
‘ನಿಮ್ಮ ಭೂಮಿಯಲ್ಲಿ ಎಲ್ಲರೂ ಹೀಗೇನಾ,
ಆಕಾಶವನ್ನು ಒಳಗಿಟ್ಟುಕೊಂಡು ಓಡಾಡೋದು?’

ಹನ್ನೊಂದು ನಿಮಿಷದ ಚಿತ್ರ, ಹದಿನಾಲ್ಕು ತಾಸಿನ ರೆಂಡರ್,
ನಡುವೆ ಮೂರು ಸಲ ಕರೆಂಟು ಹೋಗಿ, ಮೊದಲಿನಿಂದ.
ಹರಾಜಿನ ಶೆಡ್ಡಿನಲ್ಲಿ ಹಾಯಿಯ ಬಟ್ಟೆ ಕಟ್ಟಿ ತೋರಿಸಿದೆವು.
ಅದೇ ಸ್ಫೋಟ ಆರು ಸಲ.
ಪ್ರತಿ ಗ್ರಹದ ಮೇಲೂ ‘ಟ್ರಯಲ್’ ಎಂದು ತೇಲುವ ಅಕ್ಷರ,
ಅದು ಆ ಲೋಕದ ಲಿಪಿ ಎಂದುಕೊಂಡರು ಹುಡುಗರು.
ಅಳಬೇಕಾದಲ್ಲೆಲ್ಲ ಜನ ನಕ್ಕರು.
ರಾಣಿಯ ಆ ಮಾತಿಗೆ ಮಾತ್ರ
ಹಿಂದೆ ಯಾರೋ ಕೆಮ್ಮಿದರು.

ಈಗ ಫೋನಿನಲ್ಲೇ ಇಡೀ ಗೆಲಾಕ್ಸಿ ಸಿಗುತ್ತದೆ,
ನುಣುಪು, ಮೀನಿನ ವಾಸನೆಯಿಲ್ಲ.
ನಮ್ಮ ಫೈಲನ್ನು ತೆರೆಯುವ ಯಂತ್ರ
ಕಾರವಾರದಲ್ಲಿ ಒಂದೂ ಉಳಿದಿಲ್ಲ.

ನಿನ್ನೆ ಬಂದರಿನಲ್ಲಿ ದುಮ್ಮಿಂಗ ಸಿಕ್ಕ, ಐಸ್ ಪುಡಿಮಾಡುತ್ತ.
ಅಂಗಿ ನೀಲಿ. ಆದರೂ ಕಣ್ಣು ಎದೆಯತ್ತಲೇ ಹೋಯಿತು.
‘ಏನು?’ ಎಂದ.
‘ಏನಿಲ್ಲ.’
ಸುತ್ತಿಗೆ ಕೆಳಗಿಟ್ಟು, ಕೈ ಒರೆಸಿಕೊಂಡು, ಹತ್ತಿರ ಬಂದು ಕೇಳಿದ:
‘ಸ್ಫೋಟ ಒಂದೇ ಇತ್ತಲ್ಲ ಮಾರಾಯ,
ಎರಡನೆಯದು ಬಂತಾ?’