ತಾಸಿಗೆ ಹತ್ತು ನಿಮಿಷ

ಚೌಬಾರದ ನೆರಳು ಮುಂಜಾನಿ ಬೀಳೋ ಕಡೆ ನನ್ನ ಅಂಗಡಿ.
ಮಿಕ್ಸರು, ಇಸ್ತ್ರಿ, ಸತ್ತ ಕೂಲರಿನ ಮೋಟಾರು.
ಕ್ರಿಸ್ಮಸ್ಸಿಗೆ ಹದಿನಾಲ್ಕು ದಿನ ಇದ್ದಾಗ
ಮಂಗಲಪೇಟೆಯಿಂದ ಆಟೋದಾಗ ಕುಂತು ಬಂತು ಒಂದು ಓವನ್ನು.
ಅದರ ಬಾಜೂಕ ಯೂನಿಕಮ್ಮ,
ಜ್ವರದ ಕೂಸಿನ ದವಾಖಾನಿಗೆ ತಂದವರಂಗ
ಒಂದು ಕೈ ಅದರ ಮ್ಯಾಲ.

"ದಮ್ಮಾಮಿನ್ಯಾಗ ತೊಗೊಂಡದ್ದು ವೈಜಣ್ಣ. ಗ್ಯಾರಂಟಿ ಅದ."
ಪ್ಲಾಸ್ಟಿಕ್ ಕವರಿನಾಗಿಂದ ಕಾಗದ ತೆಗೆದಳು.
ಅರ್ಧ ಬಲದಿಂದ ಎಡಕ್ಕ, ಅರ್ಧ ಎಡದಿಂದ ಬಲಕ್ಕ,
ಎರಡೂ ಬಂದು ಡಿಕ್ಕಿ ಹೊಡಿಯೋ ಕಡೆ ನೀಲಿ ಶಿಕ್ಕಾ.
ಕಂಪನಿದು ಒಂದು ವರ್ಷ,
ಮ್ಯಾಲಿನ ನಾಕು ವರ್ಷ ಆಕಿನೇ ಕೊಂಡದ್ದು
ಮುನ್ನೂರಾ ನಲವತ್ತು ರಿಯಾಲಿಗೆ.
ಅಂದ್ರ ನಾಕು ರಾತ್ರಿ ಪಾಳಿ,
ಐಸಿಯುದಾಗ ಮಂದಿ ಉಸಿರು ಎಣಿಸಿಕೋತ.

ಫೋನು ನಾನೇ ಹಚ್ಚಿದೆ.
ಒಂದು ಒತ್ರಿ, ಎರಡು ಒತ್ರಿ, ಹಾಡು ಕೇಳ್ರಿ.
ಹನ್ನೆರಡನೇ ನಿಮಿಷಕ್ಕ ಒಬ್ಬ ಹುಡುಗ, ಬೆಣ್ಣಿಯಂಥ ದನಿ:
ಯಾವ ದೇಶದಾಗ ಕೊಂಡೀರೋ ಆ ದೇಶಕ್ಕ ತಂದ್ರ
ಪುಕ್ಕಟ ಮಾಡಿಕೊಡ್ತಿದ್ವಿ.
ಆದ್ರ ಅವಧಿ ಮುಗದು ಒಂಬತ್ತು ತಿಂಗಳಾತಲ್ರಿ.

ಯೂನಿಕಮ್ಮ ನಕ್ಕಳು.
"ನನಗೂ ಹಂಗೇ ಎರಡೆರಡು ವರ್ಷ ಎಕ್ಸ್‌ಟೆಂಡ್ ಮಾಡ್ತಿದ್ರು,
ಪಾಸ್‌ಪೋರ್ಟು ಅವರ ಡ್ರಾದಾಗ.
ಮೊಣಕಾಲು ಕೆಟ್ಟದ್ದು ಅಲ್ಲೇ.
ಇಲ್ಲಿ ಡಾಕ್ಟರು ಕೇಳ್ತಾನ, ಎಲ್ಲಿಂದ ತಂದಿ ಇದನ್ನ?"

ಹಿಂದಿನ ತಗಡು ಬಿಚ್ಚಿದೆ. ಕಾಯಿಲ್ ನಡುವೇ ಹರದದ.
ಮೂಲ್ಯಾಗ ಒಂದು ಒಣದ್ರಾಕ್ಷಿ, ಕಲ್ಲಾಗಿ.
ಚೀಟಿ ಮ್ಯಾಲ ಬರದಿತ್ತು: ಅರವತ್ತು ಹರ್ಟ್ಜ್.
"ಅಕ್ಕಾ, ಇದರ ಗಡಿಯಾರ ಹಿಂದ ಬೀಳ್ತದೇನು?"
"ತಾಸಿಗೆ ಹತ್ತು ನಿಮಿಷ! ಇಲ್ಲಿ ಪ್ಲಗ್ ಹಾಕಿದ ದಿನದಿಂದ!
ನಲವತ್ತು ನಿಮಿಷದ ಕೇಕು ನಲವತ್ತೆಂಟಾಗಿ
ಅಂಚೆಲ್ಲ ಕರ್ರಗ. ಪಾಸ್ಟರಮ್ಮ ಏನೂ ಅನ್ನಲಿಲ್ಲ ಖರೆ,
ತುಣುಕು ತಾಟಿನಾಗೇ ಬಿಟ್ಟಿದ್ಲು.
ಈಗ ಮೂವತ್ತಮೂರಕ್ಕೇ ತೆಗೀತೀನಿ."

ಹೇಳಿದೆ: ಅಲ್ಲಿ ಕರೆಂಟು
ಸೆಕೆಂಡಿಗೆ ಅರವತ್ತು ಸಲ ಮಿಡಿತದ, ನಮ್ಮ ಬೀದರದಾಗ ಐವತ್ತು.
ಪಾಪ ಇದು ಇನ್ನೂ
ಅರವತ್ತು ಎಣಿಸಿದ ಮ್ಯಾಲೇ ಒಂದು ಸೆಕೆಂಡು ಅಂತದ.

ಆಕಿ ತನ್ನ ಮಣಿಕಟ್ಟಿಗೆ ತಾನೇ ಎರಡು ಬೆರಳಿಟ್ಟಳು.
ಸ್ವಲ್ಪ ಹೊತ್ತು ಮಾತಿಲ್ಲ.
ಆಮ್ಯಾಲ ನನ್ನ ಬಿಲ್ ಬುಕ್ಕು ಎಳಕೊಂಡು ಲೆಕ್ಕ:
"ಇದಕ್ಕ ಐದು ವರ್ಷ ಅಂದ್ರ ನಮಗ ಆರು.
ನಾ ತೊಗೊಂಡು ಐದು ವರ್ಷ ಒಂಬತ್ತು ತಿಂಗಳು.
ಇದರ ಲೆಕ್ಕಕ್ಕ ಇನ್ನೂ ಎರಡೂವರೆ ತಿಂಗಳು ಬಾಕಿ ಅದ ವೈಜಣ್ಣ!
ಕರೆಂಟು ಹೋದ ತಾಸು ಬ್ಯಾರೆ ಕಳಿ."

ಖರೆ ಅದ. ಆದ್ರ
ಇದನ್ನ ಯಾವ ನಂಬರ್ ಒತ್ತಿ ಹೇಳೋದು?

ಹೈದರಾಬಾದಿನ ಕೋಠಿಯಿಂದ ಕಾಯಿಲ್ ತರಿಸಿದೆ.
ಅಳತಿ ಕೂಡಲಿಲ್ಲ, ಬಾಗಿಸಿ ಕೂಡಿಸಿದೆ.
ಕಾಯಿಲಿನ ರೊಕ್ಕ ಅಷ್ಟೇ ತೊಗೊಂಡೆ ಅಂದ್ರ ಸುಳ್ಳಾತದ,
ಕೂಲಿ ನೂರೈವತ್ತೂ ತೊಗೊಂಡೆ.
ಟೆಸ್ಟಿಗೆ ಹಚ್ಚಿದಾಗ ಹನ್ನೆರಡು ಸೊನ್ನೆ ಸೊನ್ನೆ ಮಿಣಮಿಣ ಅಂತು,
ಊರಿಗೆ ಹೊಸದಾಗಿ ಇಳದವರಂಗ.

"ಮತ್ತ ಕೆಟ್ರ?"

ಆಕಿದೇ ಕಾಗದ. ಬಲದವರೂ ಎಡದವರೂ ಬಿಟ್ಟ ಅಂಚಿನಾಗ
ನನ್ನ ಕೆಂಪು ಪೆನ್ನಿಲೆ ಕನ್ನಡದಾಗ ಬರದೆ:
ಒಂದು ವರ್ಷ. ಓವನ್ನಿನ ಗಡಿಯಾರದ ಪ್ರಕಾರ.
ಚೌಬಾರದ ಹತ್ರ ತಂದ್ರ ಮಾತ್ರ.

ಓದಿದಳು, ಮಡಚಿದಳು, ಕವರಿನಾಗ ಇಟ್ಟಳು.
"ಎರಡು ತಿಂಗಳು ಹನ್ನೆರಡು ದಿನ ಹೆಚ್ಚಿಗಿ ಆತಲ್ಲ," ಅಂದಳು
ಮೊಣಕಾಲು ಹಿಡಕೊಂಡು ಆಟೋ ಏರಿಕೋತ.