ಬಳಸುಗೆರೆ

ಮಧ್ಯಾಹ್ನ ಎರಡಕ್ಕೇ ಕತ್ತಲು. ಜನವರಿ.
ಕಿಟಕಿಗಾಜಿನಲ್ಲಿ ಬಂದರಿನ ದೀಪ, ನನ್ನ ಮುಖ, ಪರದೆಯ ಬೆಳಕು,
ಒಂದರ ಮೇಲೊಂದು.
ಏಳಕ್ಕೆ ಶಾಲೆಯ ಹಾಲಿನಲ್ಲಿ ಸಭೆ. ಮೀನುಗಾರರು ಬರುತ್ತಾರೆ,
ಕಾಫಿ ಕುಡಿಯುತ್ತಾರೆ, ಕೆಮ್ಮುತ್ತಾರೆ,
ನಾನೊಂದು ಚಿತ್ರ ತೋರಿಸಬೇಕು.

ಕಾಡ್ ಮೀನಿನ ಕಿವಿಯೊಳಗೊಂದು ಕಲ್ಲು,
ಅವರೆಕಾಳಿನಷ್ಟು.
ಮುರಿದು ಸೂಕ್ಷ್ಮದರ್ಶಕದಡಿ ಇಟ್ಟರೆ
ಮರದೊಳಗಿನಂತೆ ಉಂಗುರ, ವರುಷಕ್ಕೊಂದು.
ಈ ಚಳಿಗಾಲ ಇನ್ನೂರ ಹದಿನಾಲ್ಕು ಕಲ್ಲು ಎಣಿಸಿದೆ.
ಅಡ್ಡಗೆರೆಗೆ ವಯಸ್ಸು, ನೆಟ್ಟಗೆರೆಗೆ ಉದ್ದ;
ಒಂದೇ ಫ್ಯೋರ್ಡು, ಮೂರು ಕೊಲ್ಲಿ, ಮೂರು ಗುಂಪು.

ಎರಡು ಸಾಲು ಕೋಡ್‌. ಚಿತ್ರ ಬಂತು.
ತಂತ್ರಾಂಶಕ್ಕೆ ಕಡಲು ಗೊತ್ತಿಲ್ಲ, ಅಕ್ಷರಮಾಲೆ ಗೊತ್ತು.
ಜೆ, ಕೆ, ಎಲ್ ಎಂದು ಹಾಜರಿ ಕರೆದು
ಯೋಕವನ್ನು ಮೊದಲು ಕೂರಿಸಿತು
(ನಮ್ಮಲ್ಲಿ ಯೋಕ ಬರೆಯುವುದು ಜೆಯಿಂದ),
ಆಮೇಲೆ ಕ್ವಾಲ್‌ನೆಸ್, ಕೊನೆಗೆ ಲಿಲ್ಲೆವಿಕ್.
ದೋಣಿ ಬರುವ ಕ್ರಮ ಬೇರೆ:
ಬಾಯಲ್ಲಿ ಕ್ವಾಲ್‌ನೆಸ್, ನಡುವೆ ಲಿಲ್ಲೆವಿಕ್,
ತೀರ ಒಳಗೆ, ಹೊಳೆ ಬಂದು ಬೀಳುವಲ್ಲಿ, ಯೋಕ.
ಹಾಗೆಯೇ ಬರೆದುಕೊಟ್ಟೆ. ತಕರಾರಿಲ್ಲದೆ ಒಪ್ಪಿತು.

ಬಣ್ಣ ಕೆಂಪು, ಹಸಿರು, ನೀಲಿ. ಚೆಂದವೇ.
ಆದರೆ ಮುಂದಿನ ಸಾಲಿನಲ್ಲಿ ಇಸ್ಸಾತ್ ಕೂರುತ್ತಾನೆ.
ಅವನ ಕಣ್ಣಿಗೆ ಕೆಂಪೂ ಹಸಿರೂ ಒಂದೇ ಮಬ್ಬು;
ಬಂದರಿನ ಎಡದೀಪ ಬಲದೀಪ ಯಾವುದೆಂದು
ಐವತ್ತು ವರುಷ ನೆನಪಿನಿಂದಲೇ ದೋಣಿ ತಂದಿದ್ದಾನೆ,
ಹೆಂಡತಿಗೂ ಹೇಳದೆ. ನನಗೆ ಹೇಗೆ ಗೊತ್ತು ಎಂದು ಕೇಳಬೇಡಿ.
ಬಣ್ಣ ಕಿತ್ತೆ. ತುಂಬಿದ ದುಂಡು, ಪೊಳ್ಳು ತ್ರಿಕೋನ,
ಯೋಕಕ್ಕೆ ಕತ್ತರಿಗುರುತು.

ವಯಸ್ಸು ಪೂರ್ಣಾಂಕ. ಆರು ವರುಷದವೆಲ್ಲ
ಪ್ರಾರ್ಥನೆಗೆ ನಿಂತ ಮಕ್ಕಳಂತೆ ಒಂದೇ ಗೆರೆಯಲ್ಲಿ,
ಒಬ್ಬನ ಹಿಂದೆ ಇನ್ನೊಬ್ಬ ಕಾಣದೆ.
ಎಲ್ಲರನ್ನೂ ಕೂದಲೆಳೆಯಷ್ಟು ಆಚೀಚೆ ತಳ್ಳಿದೆ,
ಮೈಯನ್ನು ಅರೆ ಪಾರದರ್ಶಕ ಮಾಡಿದೆ.
ಸಣ್ಣ ಸುಳ್ಳು. ಅಡಿಟಿಪ್ಪಣಿಯಲ್ಲಿ ಒಪ್ಪಿಕೊಂಡಿದ್ದೇನೆ.

ಇನ್ನು ಪ್ರತಿ ಗುಂಪಿಗೂ ಒಂದು ಬಳಸುಗೆರೆ.
ಕ್ವಾಲ್‌ನೆಸ್‌ಗೆ ಬಿತ್ತು, ಮೊಟ್ಟೆಯ ಹಾಗೆ.
ಲಿಲ್ಲೆವಿಕ್‌ಗೆ ಬಿತ್ತು, ಓರೆಯಾಗಿ.
ಕೆಳಗೆ ಒಂದು ಸಾಲು:
ಗೆರೆ ಎಳೆಯಲು ಚುಕ್ಕಿ ಸಾಲದು.

ಯೋಕದಲ್ಲಿ ಇಡೀ ವರುಷ ಸಿಕ್ಕಿದ್ದು ಎರಡೇ.
ಇಸ್ಸಾತ್ ಬಕೀಟಿನಲ್ಲಿ ತಂದುಕೊಟ್ಟವು.
ಒಂದು ಮರಿ. ಇನ್ನೊಂದು ಹನ್ನೊಂದು ವರುಷದ ದೈತ್ಯ,
ಕಾಗದದ ಬಲತುದಿಯಲ್ಲಿ ಬೀಳುವ ಹಾಗಿದೆ.

ಹೋವರ್ಡ್‌ಗೆ ಫೋನ್ ಮಾಡಿದರೆ
"ಲಿಲ್ಲೆವಿಕ್‌ಗೆ ಸೇರಿಸಿಬಿಡು, ಅಚ್ಚುಕಟ್ಟಾಗುತ್ತೆ" ಅಂದ.
ಸೇರಿಸಿದೆ. ಕತ್ತರಿಗಳೆರಡೂ ತ್ರಿಕೋನವಾದವು.
ಒಂದು ಕೊಲ್ಲಿ ಅಷ್ಟು ಸಲೀಸಾಗಿ ಹೋಯಿತು, ಅಲೆಯೂ ಏಳಲಿಲ್ಲ.
ಆ ಸಾಲನ್ನು ಅಳಿಸಿದೆ.
ಕತ್ತರಿಗಳನ್ನು ತುಸು ದೊಡ್ಡದು ಮಾಡಿದೆ;
ಅದು ವಾದ ಮಾಡಿದ ಹಾಗಾಯಿತು, ಮತ್ತೆ ಚಿಕ್ಕದು ಮಾಡಿದೆ.
ಮೂಲೆಯ ಸೂಚಿಪಟ್ಟಿ ತೆಗೆದು
ಊರ ಹೆಸರನ್ನು ಚುಕ್ಕಿಗಳ ಪಕ್ಕಕ್ಕೇ ಬರೆದೆ.

ಸಭೆ ಮುಗಿದ ಮೇಲೆ ಕುರ್ಚಿ ಮಡಚುವ ಸದ್ದಿನ ನಡುವೆ
ಇಸ್ಸಾತ್ ಗೋಡೆಯ ಹತ್ತಿರ ಬಂದ. ಕನ್ನಡಕ ಹಣೆಗೇರಿಸಿ
ದೈತ್ಯನ ಮೇಲೆ ಬೆರಳಿಟ್ಟ. "ಇದು ನೆನಪಿದೆ.
ಹೊಟ್ಟೆಯಲ್ಲಿ ಒಂದು ಉಣ್ಣೆಯ ಕೈಗವಸು ಇತ್ತು. ಎಡಗೈದು."
ಅದಕ್ಕೆ ನನ್ನ ಹಾಳೆಯಲ್ಲಿ ಕಾಲಂ ಇಲ್ಲ.

"ಅವರಿಗೆಲ್ಲ ಬೇಲಿ ಹಾಕಿದ್ದೀಯಲ್ಲ ರಾಗ್ನಿ, ನಮಗೆ?"
"ಎರಡಕ್ಕೆ ಆಗೋದಿಲ್ಲ ಇಸ್ಸಾತ್. ನಾಲ್ಕಾದರೂ ಬೇಕಂತೆ."

ಅವನು ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡ.
ಬಾಗಿಲು ತೆಗೆದ, ಹಿಮ ಒಳಗೆ ನುಗ್ಗಿತು.
"ಶನಿವಾರ ಗಾಳಿ ಕಡಿಮೆಯಂತೆ," ಅಂದ.