ಮೂಲೆಗೂಟ

ಬಿಲ್ಲಿನ ಹಿಡಿಯಲ್ಲಿ, ಹೆಬ್ಬೆರಳು ಕೂರುವ ಕಡೆ, ಒಂದು ತೂತು.
ಮೊಳೆ ಇದ್ದ ಜಾಗ. ಸುತ್ತ ಕಬ್ಬಿಣ ಕಕ್ಕಿದ ಕಪ್ಪು.
ಹಳೆಯ ಬಿಲ್ಲು ಕೊಳ್ಳಲು ವಿಚಿಟಾದಿಂದ ಬಂದವನು
ಅಲ್ಲಿ ಉಗುರಾಡಿಸಿ ಬೆಲೆ ಅರ್ಧಕ್ಕಿಳಿಸಿದ.
ಕಾಫಿ ಕುಡಿಸಿ ಕಳಿಸಿದೆ.

ಮರ ಓಸೇಜ್. ಕನ್ಸಾಸಿನ ಈ ಕಡೆ ಬೇಲಿಗೆ ಅದೇ.
ನೆಟ್ಟರೆ, ನೆಟ್ಟವನ ಮೊಮ್ಮಕ್ಕಳ ಕಾಲಕ್ಕೂ ಕೊಳೆಯದು.
ಹಟಕ್ಕೆ ಹೇಳಿ ಮಾಡಿಸಿದ ಮರ.

ಒಂದು ವರ್ಷ ಹೊಳೆ ಉಕ್ಕಿತು, ಇಳಿಯುವಾಗ
ಹಳೆಯ ಪಾತ್ರ ಮರೆತು ಬೇರೆ ದಾರಿ ಹಿಡಿಯಿತು.
ಅಜ್ಜ ಆರ್ಲಿಸ್‌ನ ಹೊಲಕ್ಕೂ
ಅವನ ತಮ್ಮ ಥರ್ಮನ್‌ನ ಹೊಲಕ್ಕೂ ನಡುವೆ
ಹನ್ನೊಂದು ಅಡಿ ನೆಲ ಎದ್ದು ಕೂತಿತು.
ಉಳಲಾಗದ ನೆಲ. ಬೆಣಚುಕಲ್ಲು, ಜೊಂಡು.
ನನ್ನದು ಅಂದ ಇವನು.
ನನ್ನದು ಅಂದ ಅವನು.
ಚಳಿ ಬರುವಷ್ಟರಲ್ಲಿ ಅಜ್ಜ ಮರ ಕಡಿದು, ಗೂಟ ನೆಟ್ಟು,
ತಂತಿ ಎಳೆದಾಗಿತ್ತು.
ಹದಿನೇಳು ವರ್ಷ ಮಾತಿಲ್ಲ.

ಹೆಂಗಸರು ಮಾತ್ರ ಮೂಲೆಗೂಟದ ಹತ್ತಿರ
ತಂತಿಯ ಮೇಲಿಂದ ಕೈ ಚಾಚುತ್ತಿದ್ದರು.
ಅಜ್ಜಿ ಓಪಲ್ ನೀಲಿ ತಟ್ಟೆಯಲ್ಲಿ ಪೀಚ್ ಪೈ ಕೊಟ್ಟರೆ
ಯೂಲಾ ಅದೇ ತಟ್ಟೆಯಲ್ಲಿ ಮೊಟ್ಟೆ ಇಟ್ಟು ಕೊಡುತ್ತಿದ್ದಳು.
ಬರಿ ತಟ್ಟೆ ಒಂದು ದಿನವೂ ತಂತಿ ದಾಟಲಿಲ್ಲ.
ಅಜ್ಜ ಮೊಟ್ಟೆ ತಿನ್ನುತ್ತಿದ್ದ,
ಯಾರ ಕೋಳಿಯದೆಂದು ಕೇಳುತ್ತಿರಲಿಲ್ಲ.

ಬೇಟೆ ಥರ್ಮನ್‌ನ ಹುಚ್ಚು. ಬಿಲ್ಲು ಮಾಡುವುದೂ.
ಅಜ್ಜನಿಗೆ ಅದೆಲ್ಲ ದೊಡ್ಡವರ ಆಟಿಕೆ.
ಫೆಬ್ರವರಿಯಲ್ಲಿ ಥರ್ಮನ್ ಸತ್ತ, ಕೊಟ್ಟಿಗೆಯಲ್ಲಿ, ಕೈಯಲ್ಲಿ ಬಕೆಟ್.
ಮಣ್ಣು ಮಾಡಿ ಬಂದವನು, ಕೋಟು ಕೂಡ ಬಿಚ್ಚದೆ,
ಹೆಪ್ಪುಗಟ್ಟಿದ ನೆಲಕ್ಕೆ ಹಾರೆ ಹಾಕಿದ.
ಮೂಲೆಗೂಟ ಮೇಲೆ ಬರಲು ಎರಡು ದಿನ.

ಕೆಲಸ ಬರುತ್ತಿರಲಿಲ್ಲ. ಯೂಲಾಳ ಬಾಗಿಲಿಗೆ ಹೋಗಿ
ಥರ್ಮನ್‌ನ ಉಳಿ, ಎಳೆಗತ್ತಿ ಕೇಳಿದ.
ಕೊಟ್ಟಳು. ಒಳಗೆ ಕರೆಯಲಿಲ್ಲ.
ಗೂಟದಿಂದ ನಾಲ್ಕು ಸೀಳು.
ಒಂದು ಚಳಿಗೆ ಮುರಿಯಿತು, ಒಂದು ಅವಸರಕ್ಕೆ.
ಮೂರನೆಯದು ಯಾಕೆಂದು ಕೊನೆಗೂ ತಿಳಿಯಲಿಲ್ಲ.
ನಾಲ್ಕನೆಯದರ ಮುಂದೆ ವಾರಗಟ್ಟಲೆ ಸುಮ್ಮನೆ ಕೂತ.

ಬಿಲ್ಲಿನ ಬೆನ್ನಿಗೆ ಒಂದೇ ವರ್ಷದ ಉಂಗುರ ಬೇಕು,
ತುದಿಯಿಂದ ತುದಿಗೆ, ಎಲ್ಲೂ ಕಡಿಯದ ಹಾಗೆ.
ಮೇಲಿನದು ಹೊಳೆ ಉಕ್ಕಿದ ವರ್ಷ. ಕೆರೆದ.
ಕೆಳಗಿನದನ್ನೂ ಕೆರೆದ. ಇನ್ನೊಂದು, ಮತ್ತೊಂದು,
ಕಾಲ ಸುತ್ತ ಹಳದಿ ಹೊಟ್ಟು.
ಒಂಬತ್ತನೆಯದು ದಪ್ಪಗೆ, ಗಟ್ಟಿಯಾಗಿ ಸಿಕ್ಕಿತು:
ಅಣ್ಣ ತಮ್ಮ ಸೇರಿ ಒಂದೇ ಟ್ರ್ಯಾಕ್ಟರ್ ಕೊಂಡ ವರ್ಷ.
ಇದು ಅಜ್ಜಿಯ ಲೆಕ್ಕ. ಅಜ್ಜಿ ಲೆಕ್ಕದಲ್ಲಿ ಜಾಣೆ,
ಕತೆಯಲ್ಲಿ ಇನ್ನೂ ಜಾಣೆ.

ಮೊಳೆಯ ತೂತು ಹಿಡಿಯೊಳಗೆ ಬರುವಂತೆ ಕೆತ್ತಿದ.
ಬೇರೆಲ್ಲಿದ್ದರೂ ಬಿಲ್ಲು ಅಲ್ಲೇ ಮುರಿಯುತ್ತದಂತೆ.
ಮುಷ್ಟಿಯೊಳಗಿದ್ದರೆ ತಡೆಯುತ್ತದಂತೆ.

ನವೆಂಬರಿನಲ್ಲಿ, ಆ ಹನ್ನೊಂದು ಅಡಿ ಜೊಂಡಿನಲ್ಲಿ ಕಾದು ಕೂತು
ಒಂದು ಜಿಂಕೆ ಹೊಡೆದ. ಜೀವಮಾನಕ್ಕೆ ಅದೊಂದೇ.
ಅರ್ಧ ಹೊತ್ತು ತಂದು ಯೂಲಾಳ ಮೆಟ್ಟಿಲ ಮೇಲೆ ಇಳಿಸಿದ.
ಈ ಸಲ ಅವಳು ಕದ ತೆರೆದು ಹಿಡಿದುಕೊಂಡಳು.
ಈರುಳ್ಳಿ ಹಾಕಿ ಈಲಿ ಹುರಿದಳು. ಇಬ್ಬರೂ ಉಂಡರು.
ಏನು ಮಾತಾಡಿದಿರಿ ಎಂದರೆ, ಉಪ್ಪು ಕೇಳಿದೆ, ಅಂದ.
ಮನೆಗೆ ಬರುವಾಗ ಕೈಯಲ್ಲಿ ನೀಲಿ ತಟ್ಟೆ.

ಬಿಲ್ಲಿಗೀಗ ಹಳದಿ ಹೋಗಿ ಹಳೆಬೆಲ್ಲದ ಬಣ್ಣ.
ಹೆದೆ ಇಳಿಸಿದರೂ ಪೂರ್ತಿ ನೆಟ್ಟಗಾಗದು,
ಕುರ್ಚಿಯಿಂದೆದ್ದ ಮುದುಕನ ಹಾಗೆ
ಸ್ವಲ್ಪ ಬಾಗಿಯೇ ನಿಲ್ಲುತ್ತದೆ.
ಗೂಟ ಕಿತ್ತ ಗುಂಡಿ ಅಲ್ಲೇ ಇದೆ, ನೀರು ನಿಂತರೆ ಕಪ್ಪೆ.

ನಾನು ಹೊಡೆದ ವರ್ಷ, ಅರ್ಧ
ಥರ್ಮನ್‌ನ ಮೊಮ್ಮಗಳು ಡಾರ್ಲಾಗೆ.
ಅವಳಿಗೆ ಜಿಂಕೆ ಮಾಂಸ ಸೇರದು.
ನಾಯಿಗೆ ಹಾಕುತ್ತಾಳೆ, ನನಗೆ ಗೊತ್ತು, ನನಗೆ ಗೊತ್ತೆಂದು ಅವಳಿಗೂ.
ಆದರೂ ವಾರದೊಳಗೆ ತಟ್ಟೆ ಬರುತ್ತದೆ,
ಅಂಚು ಒಡೆದದ್ದು,
ಮೇಲೊಂದು ಬಾಟಲಿ ಪ್ಲಮ್ ಜಾಮ್.